ಗಿಡ್ಡ ಕೋಲು

ಲೋರ್ನಾ,

ನೀನು ನನ್ನ ಜೊತೆ ಮಾತು ಬಿಟ್ಟರೂ ಕೆರೆ ತನ್ನ ಪಾಡಿಗೆ ಹೆಪ್ಪುಗಟ್ಟಿದೆ. ಇದನ್ನು ನಿನಗೆ ಕಳಿಸುವುದಿಲ್ಲ, ಆದರೂ ಹೇಳಬೇಕು. ಇವತ್ತು ನನ್ನ ಗಾಳದ ಕೋಲನ್ನು ಹೊಸದಾಗಿ ಕಟ್ಟಿಸಲು ಎಲ್ಮರ್‌ನ ಅಂಗಡಿಗೆ ಹೋಗಿದ್ದೆ. ದಾರ ಹಾಯುವ ಉಂಗುರಗಳನ್ನು ದೊಡ್ಡವೇ ಆರಿಸಿದೆ. ಚಿಕ್ಕವಕ್ಕೆ ಐಸ್ ಕಟ್ಟಿದಾಗಲೆಲ್ಲ ನೀನು ಬಾಯಲ್ಲಿಟ್ಟು ಕರಗಿಸಿ ಕೊಡುತ್ತಿದ್ದೆ.

"ಕೋಲು ಯಾಕಿಷ್ಟು ಗಿಡ್ಡ, ಹೆಲ್ವಿ?" ಎಂದ ಎಲ್ಮರ್. "ಐಸ್ ಮೇಲೆ ಮೀನು ಹಿಡಿಯೋ ಆ ಪುಟ್ಟ ಗೂಡಲ್ಲಿ ನೀವಿಬ್ರು ಮೊಣಕಾಲು ತಾಗಿಸ್ಕೊಂಡು ಕೂರೋವಾಗ ಸರಿ. ಈಗ ಒಬ್ಳೇ ಅಲ್ವಾ? ಉದ್ದಂದು ಹಾಕ್ಸು, ದೊಡ್ಡ ಮೀನು ಸಿಕ್ರೂ ಚೆನ್ನಾಗಿ ಆಡಿಸಿ ದಣಿಸ್ಬಹುದು."

"ಗಿಡ್ಡದ್ದೇ ಇರ್ಲಿ."

"ಯಾಕೆ, ಲೋರ್ನಾ ಬರ್ತಾಳಂತಾ?"

"ಹಿಡಿ ಮಾತ್ರ ಕಾರ್ಕಿಂದೇ ಹಾಕು," ಎಂದೆ. "ಚಳೀಲಿ ಕೈ ಕೊರೆಯಲ್ಲ."

ಹೆಲ್ವಿ