ಸೋದರತ್ತೆಗೆ ಬೀಳಬೇಕಾದ ಗುದ್ದು

ಬಿಬವೇವಾಡಿ, ಪುಣೆ
೭ ಡಿಸೆಂಬರ್ ೨೦೦೩, ರವಿವಾರ

ಪ್ರೀತಿಯ ಬಸಣ್ಣಾ,

ನಿನ್ನ ತಂಗಿ ರಂಜನಾಳ ನಮಸ್ಕಾರ. ನಾನಿಲ್ಲಿ ಆರಾಮ ಇದ್ದೇನೆ. ನೀನು, ರೇಣು ವೈನಿ, ಬಾಣಂತನಕ್ಕೆ ಬಂದ ಅವ್ವ ಮತ್ತು ನಿಮ್ಮ ಮನೆಯ ಹೊಸ ಯಜಮಾನಿ ಎಲ್ಲರೂ ಆರಾಮ ಇದ್ದೀರಿ ಎಂದು ತಿಳಿದಿದ್ದೇನೆ. ಕೂಸು ಹುಟ್ಟಿದ ಸುದ್ದಿ ಬಂದಾಗಲೇ ಬರೆಯಬೇಕಿತ್ತು. ಪೆನ್ನು ಹಿಡಿಯುವುದು, ಇಡುವುದು, ಇದರಲ್ಲೇ ತಿಂಗಳು ಕಳೆಯಿತು. ತಡವಾಯಿತೆಂದು ಬೈಯಬೇಡ. ಬೈದರೂ ಅಡ್ಡಿಯಿಲ್ಲ, ನೀನು ನನ್ನನ್ನು ಬೈದು ಎರಡು ವರ್ಷವಾಯಿತು.

ನೀನಿರುವ ದೌಂಡಿಗೆ ಇಲ್ಲಿಂದ ರೈಲಿನಲ್ಲಿ ಎರಡು ತಾಸೂ ಹಿಡಿಯುವುದಿಲ್ಲ. ಅಷ್ಟು ಹತ್ತಿರವಿದ್ದು ಅಣ್ಣನಿಗೆ ಪೋಸ್ಟಿನಲ್ಲಿ ಪತ್ರ ಹಾಕುವ ತಂಗಿ ಪುಣೆಯಲ್ಲಿ ನಾನೊಬ್ಬಳೇ ಇರಬೇಕು. ಏನು ಮಾಡಲಿ, ಫೋನು ಮಾಡಿದರೆ ನೀನು "ಹಾಂ, ಆರಾಮಾ? ತಡಿ, ನಿಮ್ಮ ವೈನೀಗೆ ಕೊಡತೀನಿ" ಎಂದು ಕೆಂಡ ಮುಟ್ಟಿದವನಂತೆ ದಾಟಿಸಿಬಿಡುತ್ತೀ. ವೈನಿ ಪಾಪ, ಊಟ ಆಯಿತೇ, ನೀರು ಬರುತ್ತದೆಯೇ ಎಂದು ಕೇಳುತ್ತಾಳೆ. ಆಗಿದೆ, ಬರುತ್ತದೆ ಎನ್ನುತ್ತೇನೆ.

ಹೆಸರಿಟ್ಟ ಸುದ್ದಿ ಅವ್ವನಿಂದ ಗೊತ್ತಾಯಿತು. ಅದೂ ಕಾರ್ಯ ಮುಗಿದು ವಾರವಾದ ಮೇಲೆ. "ಸುರಷ್ಟಿ ಅಂತ ಇಟ್ಟೇವಿ, ಭಾಳ ಛಂದ ಆತವಾ" ಎಂದಳು. ಸೃಷ್ಟಿ ಎನ್ನಲು ಅವಳ ನಾಲಿಗೆ ಹೊರಳುವುದಿಲ್ಲ, ಇನ್ನು ಆ ಕೂಸು ಜೀವಮಾನವಿಡೀ ಅಜ್ಜಿಗೆ ಸುರಷ್ಟಿಯೇ. ಕಿವಿಯಲ್ಲಿ ಹೆಸರು ಹೇಳಿದವರು ಯಾರು ಎಂದು ಕೇಳಿದೆ. "ಸೊಲ್ಲಾಪುರದಿಂದ ನೀಲಾ ಬಂದಿದ್ದಳು" ಎಂದಳು.

ನೀಲಾ ಚಿಕ್ಕಪ್ಪನ ಮಗಳು, ಒಳ್ಳೆಯ ಹುಡುಗಿ, ನನಗೆ ಅವಳ ಮೇಲೆ ಸಿಟ್ಟಿಲ್ಲ. ಆದರೆ ಒಡಹುಟ್ಟಿದವಳು ನಾನು ಬದುಕಿದ್ದೇನಲ್ಲ? "ನಾ ಯಾಕ ಬ್ಯಾಡಾದೆ ಅವ್ವಾ?" ಎಂದೆ. ಅವ್ವ ಕೂಸಿನ ಮಾತು ತೆಗೆದಳು, ನಾನು ಮತ್ತೆ ಕೇಳಿದೆ. ಆಮೇಲೆ ಹೇಳಿದಳು: "ಬಸೂನೇ ಬ್ಯಾಡಂದ. ಹೆಸರು ಹೇಳೂ ಮುಂದ ಹೆಣ್ಣಮಕ್ಕಳೆಲ್ಲಾ ಅತ್ತೀ ಬೆನ್ನಿಗೆ ಗುದ್ದತಾರ. ಆಕೀಗೆ ಹಿಂದಿಂದ ಯಾರರ ಮುಟ್ಟಿದರ ಆಗಂಗಿಲ್ಲ, ಮಂದ್ಯಾಗ ಚೀರಿದಳಂದ್ರ ಹೆಂಗ, ಅಂದ."

ನೀನು ಹೇಳಿದ್ದು ಸುಳ್ಳಲ್ಲ. ಆ ಹಳೆಯ ಬಾಡಿಗೆ ಖೋಲಿಯಲ್ಲಿ ಮಾಲಕರ ಅಳಿಯ ಹಿಂದಿನಿಂದ ಬಂದು ಬಾಯಿ ಮುಚ್ಚಿದ ದಿನದಿಂದ ನನ್ನ ಬೆನ್ನು ನನ್ನ ಮಾತು ಕೇಳುವುದಿಲ್ಲ. ಚಾಕಣಕ್ಕೆ ಹೋಗುವ ಕಂಪನಿ ಬಸ್ಸಿನಲ್ಲಿ ಕೊನೆಯ ಸಾಲಿನಲ್ಲಿ ಕೂರುತ್ತೇನೆ, ಅಲ್ಲಿ ಹಿಂದೆ ಯಾರೂ ಇರುವುದಿಲ್ಲ. ಆಫೀಸಿನಲ್ಲಿ ಕುರ್ಚಿಯನ್ನು ಗೋಡೆಗೆ ತಾಗಿಸಿಕೊಂಡಿದ್ದೇನೆ. ಪಕ್ಕದ ಮನೆಯ ಅಂಬಾಬಾಯಿ ಮೊನ್ನೆ ಪ್ರೀತಿಯಿಂದ ಹೆಗಲ ಮೇಲೆ ಕೈಯಿಟ್ಟರು, ನನ್ನ ಕೈಯಲ್ಲಿದ್ದ ಹಾಲಿನ ಪಾತ್ರೆ ಬಿದ್ದುಹೋಯಿತು. ಈಗ ಅವರೂ ದೂರದಿಂದಲೇ ಮಾತಾಡಿಸುತ್ತಾರೆ. ಎಲ್ಲರೂ ಒಳ್ಳೆಯವರೇ, ಎಲ್ಲರೂ ದೂರದಿಂದಲೇ ಒಳ್ಳೆಯವರು.

ಶನಿವಾರ ಶಾಮಲಾ ಮೇಡಂ ಅವರಲ್ಲಿಗೆ ಹೋಗುವುದು ನಿನಗೆ ಗೊತ್ತು. "ಹುಚ್ಚರ ಡಾಕ್ಟರೇನ?" ಎಂದು ಅವ್ವ ದನಿ ತಗ್ಗಿಸಿ ಕೇಳಿದ್ದಳು. ಅಲ್ಲ. ಅವರು ಔಷಧ ಕೊಡುವುದಿಲ್ಲ, ಕೂತು ಕೇಳುತ್ತಾರೆ. ಮೊದಮೊದಲು ನಾನು ಮರಾಠಿಯಲ್ಲಿ ಎಲ್ಲವನ್ನೂ ಸರಸರ ಹೇಳಿಬಿಟ್ಟೆ, ಕಣ್ಣಲ್ಲಿ ಒಂದು ಹನಿ ಇಲ್ಲ. ಬೇರೆ ಯಾರಿಗೋ ಆದದ್ದನ್ನು ಹೇಳಿದಂತಿತ್ತು. ಒಂದು ದಿನ ಮೇಡಂ "ನಿಮ್ಮ ಮನೆಯ ಭಾಷೆಯಲ್ಲಿ ಹೇಳಿ, ನನಗೆ ತಿಳಿಯದಿದ್ದರೂ ಚಿಂತೆಯಿಲ್ಲ" ಎಂದರು. ಕನ್ನಡದಲ್ಲಿ "ಅವಾ ಬಂದಾ" ಎನ್ನುವಷ್ಟರಲ್ಲಿ ಅಳು ಬಂತು, ಅಳುತ್ತಲೇ ಹೇಳಿದೆ. ಅವರಿಗೆ ಒಂದಕ್ಷರ ಅರ್ಥವಾಗಲಿಲ್ಲ, ಆದರೂ ಕದಲದೆ ಕೇಳಿದರು. ನಮ್ಮ ಭಾಷೆ ಬರುವ ನನ್ನ ಮಂದಿಯಲ್ಲಿ ಯಾರೂ ಇದುವರೆಗೆ ಕೇಳಿಲ್ಲ ಬಸಣ್ಣ.

ಅಲ್ಲಿ ನಮ್ಮಂಥವರದೇ ಒಂದು ಗುಂಪಿದೆ. ಒಬ್ಬರ ಮಾತನ್ನು ಇನ್ನೊಬ್ಬರು ಹೊರಗೆ ಆಡಬಾರದು, ಆದ್ದರಿಂದ ನಿಜವಾದ ಹೆಸರು ಹೇಳುವುದಿಲ್ಲ. ಒಬ್ಬಳ ಹೆಸರು ಪ್ರಾಚಿ ಎಂದಿಟ್ಟುಕೋ. ಕಾಲೇಜಿನ ಹುಡುಗಿ, ಬಂದಾಗಿನಿಂದ ಬಾಯಿ ಬಿಟ್ಟವಳಲ್ಲ. ಕಳೆದ ಶನಿವಾರ ನಾನು ಹೆಸರಿಡುವ ಕಥೆ ಹೇಳಿಕೊಂಡು ಗೋಳಾಡಿದೆ. ಮರಾಠಿಯವರಲ್ಲೂ ಇದೇ ಪದ್ಧತಿ. ಅತ್ತೆ ಬಗ್ಗಿ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳಬೇಕು, ಉಳಿದವರು ಬೆನ್ನಿಗೆ ಗುದ್ದಬೇಕು. ನೀನು ಹುಟ್ಟಿದಾಗ ಸಾಬವ್ವತ್ತಿ ಗುದ್ದು ತಿಂದು ಮರುದಿನ ಬೆನ್ನಿಗೆ ಎಣ್ಣೆ ತಿಕ್ಕಿಸಿಕೊಂಡಳಂತೆ, ಸಾಯುವ ತನಕ ಅದನ್ನೇ ಹೇಳಿಕೊಂಡು ಮೆರೆದಳು.

ಪ್ರಾಚಿ ನಿಧಾನವಾಗಿ ಕೇಳಿದಳು, "ನಾವು ಗುದ್ದಲೇ?"

ನಾನು ನಕ್ಕುಬಿಟ್ಟೆ. ಅಷ್ಟರಲ್ಲಿ ಯಾರೋ ಒಂದು ಶಾಲನ್ನು ಸುತ್ತಿ ಕೂಸು ಮಾಡಿದರು. ನಾನು ಬಗ್ಗಿದೆ. ಮೊದಲ ಕೈ ಬೆನ್ನಿಗೆ ತಾಗಿದ್ದೇ ತಡ, ಚೀರಿದೆ. ನೀನು ಹೆದರಿದ್ದೆಯಲ್ಲ, ಹಾಗೆಯೇ ಚೀರಿದೆ. ಎಲ್ಲರೂ ಹಿಂದೆ ಸರಿದರು. ಮೇಡಂ "ಸಾಕೇ?" ಎಂದರು. ನನಗೆ ಎಲ್ಲಿಂದ ಧೈರ್ಯ ಬಂತೋ, "ಸಾಕಾಗಿಲ್ಲ, ಮೊದಲು ಹೇಳಿ ಆಮೇಲೆ ಗುದ್ದಿರಿ" ಎಂದೆ. ಪ್ರಾಚಿ ನನ್ನ ಎದುರಿಗೆ ಬಂದು ಕೈ ತೋರಿಸಿ "ಮಾರತೇ ಹಂ, ತಾಯೀ" ಎಂದಳು. ಗುದ್ದುತ್ತೇನೆ ಅಕ್ಕಾ, ಎಂದು. ಹಿಂದೆ ಹೋಗಿ ಒಂದು ಗುದ್ದಿದಳು ನೋಡು, ಆ ಕಡ್ಡಿಯಂಥ ಹುಡುಗಿಯ ಕೈಯಲ್ಲಿ ಅಷ್ಟು ಬಲವಿದೆ ಎಂದು ಯಾರಿಗೆ ಗೊತ್ತಿತ್ತು! ಆಮೇಲೆ ಒಬ್ಬೊಬ್ಬರೇ ಹೇಳಿ ಹೇಳಿ ಗುದ್ದಿದರು. ನಾನು ಶಾಲಿನ ಕಿವಿಯಲ್ಲಿ ನಿನ್ನ ಮಗಳ ಹೆಸರು ಹೇಳಿದೆ. ಬಹಳ ಸುಖವಾಯಿತು, ಬಹಳ ದುಃಖವೂ ಆಯಿತು.

ಮನೆಗೆ ಬಂದು ಒಬ್ಬಳೇ ಒಂದು ಜೋಳದ ಭಕ್ಕರಿ ಬಡಿದುಕೊಂಡೆ. ಬೆನ್ನು ನೋಯುತ್ತಿತ್ತು, ಯಾರಿಗೆ ತೋರಿಸಿ ಮೆರೆಯಲಿ?

ಒಮ್ಮೆ ಇಟ್ಟ ಹೆಸರನ್ನು ಮತ್ತೆ ಇಡಲಾಗುವುದಿಲ್ಲ, ಗೊತ್ತು. ಬಿಡು, ನೀಲಾಳ ಬಾಯಿಯೂ ಸಿಹಿಯೇ. ಆದರೆ ಮುಂದಿನ ಕಾರ್ಯಕ್ಕೆ ನನ್ನನ್ನು ಕೇಳು. ಬರಲಾಗದಿದ್ದರೆ ಬರಲಾಗುವುದಿಲ್ಲ ಎಂದು ನಾನೇ ಹೇಳುತ್ತೇನೆ, ನನ್ನ ಪರವಾಗಿ ನೀನು ಹೇಳಬೇಡ. ಮಂದಿಯ ನಡುವೆ ಚೀರಿದರೆ ಚೀರಿದೆ. ತೊಟ್ಟಿಲ ಮನೆಯಲ್ಲಿ ಕೂಸು ಚೀರುವುದಿಲ್ಲವೇ?

ವೈನಿಗೆ ಬಿಸಿನೀರಿನಲ್ಲೇ ಕೈಯಾಡಿಸಲು ಹೇಳು, ದೌಂಡಿನ ಚಳಿ ಕೆಟ್ಟದ್ದು. ಅವ್ವನಿಗೆ ಮೊಣಕಾಲಿನ ಮುಲಾಮು ಕಳಿಸುತ್ತೇನೆ. ಸೃಷ್ಟಿಗೆ ಅವಳ ಅತ್ತಿಯ ಆಶೀರ್ವಾದ: ಉಂಡು ತಿಂದು ದುಂಡಗಾಗಲಿ, ಗಟ್ಟಿ ದನಿಯವಳಾಗಲಿ, ಹಟಮಾರಿಯಾಗಲಿ, ನೂರು ವರ್ಷ ಬಾಳಲಿ.

ನಿನ್ನ ತಂಗಿ,
ರಂಜನಾ

ತಾ. ಕ.: ಪತ್ರ ಮಡಚಿದ್ದೆ, ಮತ್ತೆ ಬಿಚ್ಚಿದೆ. ಗುದ್ದಿನ ವಿಷಯ ಇಷ್ಟುದ್ದ ಬರೆದದ್ದು ಇದೊಂದನ್ನು ಬರೆಯಲು ಧೈರ್ಯ ಸಾಲದೆ. ಆವತ್ತು ದವಾಖಾನೆಗೆ ಎಲ್ಲರಿಗಿಂತ ಮೊದಲು ಬಂದವನು ನೀನು. ಬಾಗಿಲಲ್ಲಿ ನಿಂತು ನನ್ನನ್ನು ನೋಡಿದೆ. ನಾನು ಕೈ ಚಾಚಿದೆ. ನೀನು "ಡಾಕ್ಟರನ್ನ ಕರಕೊಂಡ ಬರತೀನಿ" ಎಂದು ಹೊರಗೆ ಹೋದೆ. ಅಂದಿನಿಂದ ನೀನು ನನ್ನನ್ನು ಒಂದು ಸಲವೂ ಮುಟ್ಟಿಲ್ಲ. ಪಂಚಮಿಗೆ ಬಂದಾಗ ಉಂಡಿಯ ಡಬ್ಬಿಯನ್ನು ಸಹ ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟು ಹೋದೆ. ಅದು ಹೆದರಿಕೆಯೋ ಅಸಹ್ಯವೋ ನನಗೆ ತಿಳಿಯುತ್ತಿಲ್ಲ. ಹೆದರಿಕೆಯಾದರೆ ಬಾ, ನನಗೂ ಇದೆ, ಇಬ್ಬರೂ ಕೂತು ಹೆದರೋಣ. ಅಸಹ್ಯವಾದರೆ ಅದನ್ನೂ ಬರೆ. ಎರಡು ವರ್ಷದಿಂದ ನಾನು ಅದೇ ಎಂದು ತಿಳಿದೇ ಬದುಕಿದ್ದೇನೆ, ನೀನು ಬರೆದರೆ ಹೊಸದಾಗಿ ಏನೂ ಆಗುವುದಿಲ್ಲ.