ನನ್ನ ಜಿಗಿತದ ಬಟನ್

ಪ್ರೀತಿಯ ತಮ್ಮನಿಗೆ (ಪ್ರೀತಿಯ ಎಂದು ಬರೆಯಲು ಈ ಹೊತ್ತು ಮನಸ್ಸಿಲ್ಲ, ಅಭ್ಯಾಸಬಲ),

ನಡುವೆ ಒಂದೇ ಗೋಡೆ ಇರುವಾಗ ಪತ್ರ ಯಾಕೆ ಎಂದು ಕೇಳುತ್ತೀಯ. ಬಾಯಲ್ಲಿ ಹೇಳಿದರೆ ನೀನು ವಿವರಿಸಲು ಶುರು ಮಾಡುತ್ತೀಯ, ಅದಕ್ಕೇ. ಸೋಫಾದ ಅಂಚಿಗೆ ಸರಿದು, ಕೈಯಲ್ಲಿಲ್ಲದ ಕಂಟ್ರೋಲರ್ ಹಿಡಿದವನ ಹಾಗೆ ಹೆಬ್ಬೆರಳು ಆಡಿಸುತ್ತಾ, "ಅಕ್ಕ, ಒಂದ್ನಿಮಿಷ ಕೇಳು" ಎನ್ನುತ್ತೀಯ. ಆ ಒಂದು ನಿಮಿಷ ಊಟದ ಹೊತ್ತಿನವರೆಗೂ ಎಳೆಯುತ್ತದೆ. ಕೊನೆಗೆ ತಪ್ಪು ಮಾಡಿದವಳು ನಾನೇ ಎನ್ನುವ ಹಾಗೆ ತಟ್ಟೆ ಎತ್ತಿಕೊಂಡು ಏಳುತ್ತೇನೆ. ಕಾಗದಕ್ಕೆ ನೀನು ಅಡ್ಡಬಾಯಿ ಹಾಕುವಂತಿಲ್ಲ. ಪೂರ್ತಿ ಓದು.

ಅಮ್ಮನಿಗೆ ನೀನು ನಮ್ಮ ಈ ವಿಡಿಯೋ ಆಟ ತಿಳಿಸಿಕೊಟ್ಟ ದಿನ ನೆನಪಿದೆಯೇ? ಗಾಳಿಯಲ್ಲಿ ತೇಲುವ ಒಂದು ಕಟ್ಟೆ, ಅದರ ಮೇಲೆ ಗುದ್ದಾಟ. ಏಟು ತಿಂದಷ್ಟೂ ಮುಂದಿನ ಏಟಿಗೆ ಇನ್ನಷ್ಟು ದೂರ ಹಾರಿಹೋಗುತ್ತೇವೆ. ಕಟ್ಟೆಯಾಚೆ ಹೋದವರು ಗಾಳಿಯಲ್ಲೇ ಜಿಗಿದು ವಾಪಸು ಬರಬೇಕು, ಬರದಿದ್ದರೆ ಒಂದು ಜೀವ ಹೋಯಿತು. ಅಮ್ಮ ಎಲ್ಲ ಕೇಳಿಸಿಕೊಂಡು, "ಅಲ್ಲ ಕಣೋ, ಇಷ್ಟೊಂದು ಬಟನ್ ಇದೆ, ಬೀಳದೇ ಇರೋಕೆ ಒಂದೂ ಇಲ್ವಾ?" ಎಂದಿದ್ದಳು. ನೀನು ನಕ್ಕೆ. ನನಗೆ ಮಾತ್ರ ಅಂಥದೊಂದು ಇತ್ತು ಮಾರಾಯ. ಕಂಟ್ರೋಲರ್‌ನ ಎಡಗಡೆ ಇರುವ ಪುಟ್ಟ ಹಿಡಿ, ಆ ಸ್ಟಿಕ್, ಅದನ್ನು ಮೇಲಕ್ಕೆ ತಳ್ಳಿದರೆ ಜಿಗಿತ. ಅಷ್ಟೇ ನನ್ನ ಗುಟ್ಟು.

"ಹಂಗೆ ಯಾರೂ ಜಿಗಿಯಲ್ಲ ಅಕ್ಕ, ಚಿಕ್ಕ ಮಕ್ಕಳು ಆಡ್ದಂಗೆ ಆಡ್ತೀಯಲ್ಲ" ಎಂದು ನೀನು ಎಷ್ಟು ಸಲ ಮೂಗು ಮುರಿದಿಲ್ಲ! ಮೇಲಕ್ಕೆ ಗುದ್ದಲು ಹೋದಾಗ ಬೇಡದ ಜಿಗಿತ ಬೀಳುತ್ತದಂತೆ, ಜಿಗಿತಕ್ಕೆ ಬೇರೆ ಬಟನ್ ಇಟ್ಟುಕೊಳ್ಳುವುದೇ ಸರಿಯಂತೆ. ಸರಿ, ಬೀಳುತ್ತದೆ, ನಾನೇನು ಇಲ್ಲ ಎಂದೆನೇ? ಆದರೆ ಕಂಟ್ರೋಲರ್‌ನ ನಾಲ್ಕು ಮುಖ್ಯ ಬಟನ್‌ಗಳೂ ಇರುವುದು ಬಲಗೈ ಹೆಬ್ಬೆರಳಿನ ಕೆಳಗೆ. ನನ್ನ ಬಲ ಹೆಬ್ಬೆರಳು ದಿನವಿಡೀ ಸಲೂನಿನಲ್ಲಿ ಕತ್ತರಿಯ ಉಂಗುರದೊಳಗೆ ಇರುತ್ತದೆ. ಸಂಜೆ ಮನೆಗೆ ಬರುವಾಗ ಅದರ ಬುಡ ಮರಗಟ್ಟಿರುತ್ತದೆ, ಬೀಗದ ಕೈ ತಿರುಗಿಸಲು ಎಡಗೈ ಬೇಕು. ಇದನ್ನು ನಿನಗೆ ಹೇಳಿದ್ದೇನೆ. "ಹೂಂ" ಎಂದಿದ್ದೀಯ. ನಿನ್ನ ಹೂಂಗಳ ಬೆಲೆ ನನಗೀಗ ಗೊತ್ತಾಗಿದೆ.

ಬಟನ್‌ಗಳ ಎಲ್ಲ ಜೋಡಣೆಗಳನ್ನೂ ಆಡಿ ನೋಡಿಯೇ ನಾನು ನನ್ನದನ್ನು ಆರಿಸಿಕೊಂಡದ್ದು. ಸ್ಟಿಕ್ ಚುರುಕಾಗಿಟ್ಟರೆ ನಡೆಯಬೇಕಾದವಳು ಓಡುತ್ತಿದ್ದೆ, ಮಂದವಾಗಿಟ್ಟರೆ ಹಿಂದಿರುಗಿ ನೋಡುವಷ್ಟರಲ್ಲಿ ಏಟು ಬೀಳುತ್ತಿತ್ತು. ಹೊಡೆತವನ್ನು ಬಲ ಸ್ಟಿಕ್ಕಿಗೆ ಕೊಟ್ಟೆ, ಅದನ್ನು ಒತ್ತಬೇಕಿಲ್ಲ, ತಳ್ಳಿದರೆ ಸಾಕು. ಏಟು ಬಿದ್ದಾಗ ಕಂಟ್ರೋಲರ್ ನಡುಗುವುದನ್ನು ತೆಗೆದುಹಾಕಿದೆ, ಕೈ ತಾನೇ ಸಾಕಷ್ಟು ನಡುಗುತ್ತದೆ. ನೀನು ಅದನ್ನೆಲ್ಲ ಗೊತ್ತಿಲ್ಲದವಳ ಹಟ ಎಂದುಕೊಂಡೆ.

ಶನಿವಾರದ ಜೋಡಿ ಪಂದ್ಯ. ಆ ಸಭಾಂಗಣದ ಮಡಚುವ ಕುರ್ಚಿಗಳು, ನೆಲದ ತುಂಬ ವೈರು, ಬೆವರಿನ ವಾಸನೆ, ಎಲ್ಲ ನನಗೆ ಇಷ್ಟವೇ. ಅಲ್ಲಿಯ ಯಂತ್ರದಲ್ಲಿ ಅವರವರ ಸೆಟ್ಟಿಂಗ್ ಅವರವರೇ ಹಾಕಿಕೊಳ್ಳಬೇಕು. ನೀನು, "ನಾನೇ ಹಾಕ್ತೀನಿ ಅಕ್ಕ, ನೀನು ನೀರು ಕುಡ್ಕೊಂಡು ಬಾ" ಎಂದೆ. ಬೆಳಗಿನಿಂದ ಕೆಲಸ ಮಾಡಿ ಬಂದಿದ್ದೇನೆಂದು ನನ್ನ ತಮ್ಮನಿಗೆ ಎಷ್ಟು ಕಾಳಜಿ ಎಂದುಕೊಂಡು ಹೋದೆ. ವಾಪಸು ಬಂದು ಕುಳಿತಾಗ ತೀರ್ಪುಗಾರ್ತಿ ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದಳು: "ಎಲ್ಲಾ ಬಟನ್ ಒಂದ್ಸಲ ಒತ್ತಿ ನೋಡ್ಕೊಳ್ಳಿ." ನಾನು ಕೈ ಬೀಸಿ, "ಬೇಡ ಬಿಡಿ, ನನ್ನ ತಮ್ಮ ಹಾಕಿದ್ದಾನೆ" ಎಂದೆ. ನೀನು ಪಕ್ಕದಲ್ಲೇ ಇದ್ದೆ. ಕೇಳಿಸಿಕೊಂಡೆ. ಸುಮ್ಮನಿದ್ದೆ.

ಮೊದಲ ದೊಡ್ಡ ಏಟಿಗೆ ಕಟ್ಟೆಯಾಚೆ ಹೋದೆ. ಸ್ಟಿಕ್ ಮೇಲಕ್ಕೆ ತಳ್ಳಿದೆ. ಏನೂ ಇಲ್ಲ. ಇನ್ನೊಮ್ಮೆ ತಳ್ಳುವಷ್ಟರಲ್ಲಿ ಕಲ್ಲಿನ ಹಾಗೆ ಕೆಳಗೆ ಹೋದೆ. ಕಂಟ್ರೋಲರ್ ಕೆಟ್ಟಿದೆ ಎಂದುಕೊಂಡು ಮುಂದಿನ ಸಲ ಗಾಬರಿಯಲ್ಲಿ ನೋಯುವ ಹೆಬ್ಬೆರಳಲ್ಲೇ, ಆಟದಲ್ಲಿ ಮೊದಲಿಂದಲೇ ಇರುವ ಜಿಗಿತದ ಬಟನ್ ಒತ್ತಿದೆ. ಅದನ್ನು ನೀನು ಎದುರಾಳಿಯನ್ನು ಹಿಡಿಯುವ ಬಟನ್ ಮಾಡಿಟ್ಟಿದ್ದೆ. ಪರದೆಯ ಮೇಲೆ ನನ್ನ ಆಟಗಾರ್ತಿ ಎರಡೂ ಕೈ ಚಾಚಿ ಗಾಳಿಯನ್ನು ಅಪ್ಪಿಕೊಂಡು ಬಿದ್ದಳು. ಹಿಂದಿನ ಸಾಲಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಗ ನೀನು, ನನ್ನ ಕಡೆಗಲ್ಲ, ಎದುರು ಜೋಡಿಯ ಕಡೆ ತಿರುಗಿ, "ಅಕ್ಕಂಗೆ ಹೊಸ ಸೆಟ್ಟಿಂಗ್ ಇನ್ನೂ ಕೈಗೆ ಕೂತಿಲ್ಲ" ಎಂದೆ. ಹೊಸ ಸೆಟ್ಟಿಂಗ್ ಎನ್ನುವ ಸಂಗತಿ ನನಗೆ ತಿಳಿದದ್ದು ಹಾಗೆ. ಊರವರಿಗೆಲ್ಲ ತಿಳಿದ ಮೇಲೆ.

ಬಸ್ಸಿನಲ್ಲಿ ಕೇಳಿದರೆ ಏನೆಂದೆ? "ಹೇಳಿದ್ರೆ ನೀನು ಒಪ್ತಿರ್ಲಿಲ್ಲ." ಹೌದಪ್ಪಾ, ಒಪ್ಪುತ್ತಿರಲಿಲ್ಲ. ಒಪ್ಪದಿರಲೂಬಹುದೆಂದೇ ಅಲ್ಲವೇ ಕೇಳುವುದು? ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಕಿಟಕಿಯಾಚೆಯ ಅಂಗಡಿಗಳ ಬೋರ್ಡುಗಳನ್ನೆಲ್ಲ ಓದಿಕೊಂಡು ಬಂದೆ, ಒಂದೂ ತಲೆಗೆ ಹೋಗಲಿಲ್ಲ.

ಇನ್ನೂ ಉರಿಯುವುದು ಯಾಕೆ ಗೊತ್ತೇ? ಈ ವಾರ ನೀನು ಇಲ್ಲದಾಗ ನೀನು ಅಲ್ಲಿ ನನಗೆ ಹಾಕಿದ್ದ ಸೆಟ್ಟಿಂಗನ್ನೇ ಹಾಕಿಕೊಂಡು ಆಡಿ ನೋಡಿದೆ, ಎಷ್ಟು ಕೆಟ್ಟದಾಗಿದೆ ಎಂದು ನಿನ್ನ ಮುಖಕ್ಕೆ ಹೇಳಬೇಕೆಂದೇ. ಬಹುಪಾಲು ಕೆಟ್ಟದಾಗಿಯೇ ಇದೆ. ಆದರೆ ಜಿಗಿತವನ್ನು ನೀನು ಮೇಲಂಚಿನ ಬಟನ್‌ಗೆ, ತೋರುಬೆರಳಿಗೆ ಕೊಟ್ಟಿದ್ದೀಯಲ್ಲ, ಅದು ಚೆನ್ನಾಗಿದೆ. ಹೆಬ್ಬೆರಳಿಗೆ ಕೆಲಸವೇ ಇಲ್ಲ. ಮೆಲ್ಲಗೆ ಒತ್ತಿ ಬಿಟ್ಟರೆ ಗಿಡ್ಡ ಜಿಗಿತ ಕೂಡ ಬರುತ್ತದೆ, ನನಗೆ ಜನ್ಮದಲ್ಲಿ ಬಂದಿರಲಿಲ್ಲ. ಬಾ ಅಕ್ಕ, ಇದನ್ನೊಂದು ಆಡಿ ನೋಡು ಎಂದಿದ್ದರೆ ನಿನ್ನ ತಲೆ ನೇವರಿಸುತ್ತಿದ್ದೆ. ಅಷ್ಟು ಒಳ್ಳೆಯದನ್ನು ಕಳ್ಳನ ಹಾಗೆ ಕೊಟ್ಟೆಯಲ್ಲೋ!

ನಮ್ಮ ಸಲೂನಿನಲ್ಲಿ ಒಬ್ಬರ ಕತ್ತರಿಯನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ನಡುವಿನ ತಿರುಪು ಎಷ್ಟು ಬಿಗಿ ಇರಬೇಕೆನ್ನುವುದು ಅವರವರ ಕೈಗೆ ಬಿಟ್ಟದ್ದು. ನನ್ನ ಯಜಮಾನಿಗೆ ನನ್ನ ತಿರುಪು ಸಡಿಲ ಎನಿಸುತ್ತದೆ. ದಿನಾ ಹೇಳುತ್ತಾಳೆ, ದಿನಾ ಬೈಯುತ್ತಾಳೆ. ಆದರೆ ನಾನು ಕೈ ತೊಳೆಯಲು ಹೋದಾಗ ಅದನ್ನು ತಿರುವಿಡುವುದಿಲ್ಲ. ಯಾರದೋ ಕಿವಿಯ ಪಕ್ಕ ಹಿಡಿಯುವ ಕತ್ತರಿ ಅದು.

ನಿನಗೆ ಶೂ ಲೇಸು ಕಟ್ಟಲು ಕಲಿಸಿದವಳು ನಾನು. ನೀನು ಕಲಿತೆಯೇ? ಎರಡು ಕಿವಿ ಮಾಡಿ ಗಂಟು ಹಾಕುವ ನಿನ್ನದೇ ವಿಧಾನ ಹುಡುಕಿಕೊಂಡು ಬಾಗಿಲಲ್ಲಿ ಕೂತುಬಿಟ್ಟೆ. ಹೊತ್ತಾಗುತ್ತಿತ್ತು, ನನಗೆ ಕೈ ತುರಿಸುತ್ತಿತ್ತು. ಆದರೂ ಮುಟ್ಟಲಿಲ್ಲ. ಇವತ್ತಿಗೂ ನೀನು ಹಾಗೇ ಕಟ್ಟುತ್ತೀಯ, ಇವತ್ತಿಗೂ ಅರ್ಧ ದಾರಿಯಲ್ಲಿ ಬಿಚ್ಚಿಹೋಗುತ್ತದೆ. ನಾನು ನಿಂತು ಕಾಯುತ್ತೇನೆ.

ಭಾನುವಾರದ ಪಂದ್ಯಕ್ಕೆ ಮತ್ತೆ ಇಬ್ಬರ ಹೆಸರನ್ನೂ ಕೊಟ್ಟಿದ್ದೀಯಂತೆ. ಇದನ್ನೂ ಕೇಳದೆ! ಹೆಸರು ತೆಗೆಸಿಬಿಡೋಣ ಎಂದು ಫೋನ್ ಕೈಗೆತ್ತಿಕೊಂಡವಳು ಕೆಳಗಿಟ್ಟೆ. ಬರುತ್ತೇನೆ. ನಿನ್ನ ಜೊತೆ ಆಡುವುದೆಂದರೆ ನನಗೆ ಇಷ್ಟ, ಏನು ಮಾಡಲಿ. ಜಿಗಿತ ಸ್ಟಿಕ್ಕಿನಲ್ಲೂ ಇರುತ್ತದೆ, ನಿನ್ನ ಮೇಲಂಚಿನ ಬಟನ್‌ನಲ್ಲೂ ಇರುತ್ತದೆ, ಎರಡನ್ನೂ ಹಾಕುವವಳು ನಾನು. ತೀರ್ಪುಗಾರ್ತಿ ಹೇಳಿದಾಗ ಎಲ್ಲ ಬಟನ್‌ಗಳನ್ನೂ ಒಂದೊಂದಾಗಿ ಒತ್ತಿ ನೋಡುತ್ತೇನೆ. ಅಪರಿಚಿತರ ಪಕ್ಕ ಕೂತವಳ ಹಾಗೆ. ಸೋತದ್ದು ನನಗೆ ಆಗಲೇ ಮರೆತುಹೋಗಿದೆ ಕಣೋ, ನಿನ್ನ ಪಕ್ಕ ಕೂತೂ ಬಟನ್ ಒತ್ತಿ ನೋಡಬೇಕಾಗಿ ಬಂತಲ್ಲ, ಅದು ಮರೆಯುವುದಿಲ್ಲ. ಅಷ್ಟು ಹೊತ್ತು ನೀನು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತಿರಬೇಕು.

ನಿನ್ನ ಎರಡೂ ಹೆಬ್ಬೆರಳುಗಳಿಗೆ ನೋವೆಂದರೆ ಏನೆಂದು ಎಂದೂ ತಿಳಿಯದಿರಲಿ. ಭಾನುವಾರ ಸ್ವಲ್ಪ ಬೇಗ ಹೊರಡೋಣ. ಲೇಸನ್ನು ನಿನಗೆ ಬಂದ ಹಾಗೇ ಕಟ್ಟಿಕೊಂಡು ಬಾ, ನಾನು ಬಾಗಿಲಲ್ಲಿ ಕಾಯುತ್ತಿರುತ್ತೇನೆ.

ಗೋಡೆಯ ಈಚೆಯಿಂದ,
ನಿನ್ನ ಅಕ್ಕ