ಬಲಕ್ಕೆ ಬಿದ್ದ ಹೂವು

೧೦ ನವೆಂಬರ್, ಸೋಮವಾರ. ಬಸ್ಸಲ್ಲಿ, ಬೆಳಿಗ್ಗೆ ೮.೪೦

ಕಿಟಕಿ ಸೀಟು. ಪುಣ್ಯ. ಶೆಟಗೇರಿಯಿಂದ ಕಾರವಾರದ ತನಕ ಅರ್ಧ ನಿದ್ದೆ, ಅರ್ಧ ಎಚ್ಚರ — ದಿನಾ ಇದೇ ಕತೆ. ಹಾರವಾಡದ ಹತ್ರ ಮಂಜು. ತೆಂಗಿನ ಮರಕ್ಕೆ ಬುಡವೇ ಇಲ್ಲ, ತಲೆ ಮಾತ್ರ. ಕಣ್ಣು ಮುಚ್ಚಿದ್ರೆ ಆಫೀಸಿನ ಟಪಾಲೆಲ್ಲ ನೀರಲ್ಲಿ ತೇಲ್ತಾ ಇತ್ತು. ನಾನು ಮೊಣಕಾಲುದ್ದ ನೀರಲ್ಲಿ ನಿಂತು ಒಂದೊಂದಕ್ಕೇ ಸೀಲು ಹೊಡೀತಿದ್ದೆ. ಹೆದರಿಕೆ ಇಲ್ಲ. ಹಾಯಾಗಿತ್ತು.

ಅಮದಳ್ಳಿ ಸ್ಟಾಪಿಗೆ ಎಚ್ಚರಾಯ್ತು. ದೇವಿದಾಸನ ಊರು. ಬರೂ ತಿಂಗಳು ಹದಿನಾಲ್ಕಕ್ಕೆ ನಮ್ಮಿಬ್ಬರ ನಿಶ್ಚಿತಾರ್ಥ. ನಮ್ಮ ಪೂರ್ಣಿಮಾಗೆ ಮೂವತ್ತೊಂದು ವರ್ಷಕ್ಕಾದ್ರೂ ಒಬ್ಬ ಸಿಕ್ಕಿದ ಅಂತ ನನ್ನ ಹೆತ್ತ ಆಯಿಗೆ ನೆಲದ ಮೇಲೆ ಕಾಲಿಲ್ಲ. ನಂಗೂ ಖುಷಿಯೇ. ಅವ ಕಾಂಟ್ರ್ಯಾಕ್ಟ್ ಕೆಲಸದಲ್ಲಿ ಸೂಪರ್‌ವೈಸರ್. ಚೆಂದ ಮಾತಾಡ್ತಾನೆ. ನಗಿಸ್ತಾನೆ. ಜಾಸ್ತಿ ಬರೆದ್ರೆ ದೃಷ್ಟಿಯಾದೀತು...

೧೬ ನವೆಂಬರ್, ಭಾನುವಾರ. ಸಂಜೆ

ಕಾರವಾರ ಬೀಚಿಗೆ ಹೋಗಿದ್ವಿ, ನಾವಿಬ್ರೇ. ಅಪ್ಪನೇ ಹೋಗಿ ಬಾ ಅಂದದ್ದು. ನೀರು ಇಳಿದಿತ್ತು. ಒದ್ದೆ ಮರಳಲ್ಲಿ ಆಕಾಶ ಕಾಣ್ತಿತ್ತು, ಮೋಡದ ಮೇಲೆ ನಡೆದ ಹಾಗೆ. ದೇವಿದಾಸ ಪ್ಯಾಂಟು ಮಡಚಿ ನೀರಲ್ಲಿ ನಿಂತಿದ್ದ. ಅಷ್ಟೊತ್ತಿಗೆ ಅವನ ಆಯಿಯ ಫೋನು. ಬಿಪಿ ಗುಳಿಗೆ ಮುಗಿದಿತ್ತಂತೆ. ತರ್ತೆ ಅಂತ ಹೇಳಿ ಬೆಳಿಗ್ಗೆಯೇ ಹೊರಟವ ಇವ.

"ತಕಂಡೆ ಆಯಿ, ಕಿಸೆಲೇ ಅದೆ. ಬಸ್ಸೇ ಬರ್ಲಿಲ್ಲ, ಎಂತ ಮಾಡೂದು? ಸ್ಟ್ಯಾಂಡಲ್ಲೇ ಒಣಗ್ತಾ ನಿಂತಿದ್ದೆ." ಆಮೇಲೆ ಫೋನು ಸ್ವಲ್ಪ ದೂರ ಹಿಡಿದು, ಖಾಲಿ ಸಮುದ್ರಕ್ಕೆ ಕೂಗಿದ — "ಹೋಯ್ ಕಂಡಕ್ಟ್ರೇ! ಅಮದಳ್ಳಿಲಿ ನಿಲ್ಸೂದುಂಟಾ?"

ಹೊಟ್ಟೆ ಹಿಡ್ಕಂಡು ನಕ್ಕೆ. ಗುಳಿಗೆ ತಕೊಂಡೇ ಇರ್ಲಿಲ್ಲ ಅವ. "ನಿಂಗೆ ಮಾತ್ರ ಯಾವತ್ತೂ ಸುಳ್ಳು ಹೇಳೂದಿಲ್ಲ" ಅಂದ. ಆಯಿ ಹತ್ರ ಮಾತಾಡುವಾಗ ಯಾವ ಮುಖ ಇತ್ತೋ ಅದೇ ಮುಖ. ಒಂದು ಗೆರೆ ಹೆಚ್ಚಿಲ್ಲ, ಒಂದು ಗೆರೆ ಕಮ್ಮಿ ಇಲ್ಲ.

ವಾಪಸ್ ಬರುವಾಗ ಬಸ್ಸು ಸುರಂಗಕ್ಕೆ ಹೊಕ್ಕಿತು. ನನ್ನೊಳಗೆ ಎಂತದೋ ಒಂದು ಥಂಡಿ ಬಂದು ಕೂತಿತು. ಬೆಳಕು ಬಂದ್ರೂ ಹೋಗ್ಲಿಲ್ಲ. ಎಂತದು ಅದು? ಗುಳಿಗೆ ವಿಷ್ಯ, ಅಷ್ಟೇ. ನಾನು ಆಯಿಗೆ ಹೇಳಿದ ಸುಳ್ಳು ಕಮ್ಮಿಯಾ!

೧೮ ನವೆಂಬರ್, ಮಂಗಳವಾರ

ದೇವರೇ. ಮನೆಯವರ ವಾಟ್ಸಾಪ್ ಗ್ರೂಪಿಗೆ ವೀಡಿಯೋ ಬಂತು. ಯಾವುದೋ ಬಸ್‌ಸ್ಟ್ಯಾಂಡು. ಒಬ್ಬ ಗಂಡಸು ಒಂದು ಹೆಂಗಸಿನ ಜುಟ್ಟು ಹಿಡಿದು ಹೊಡೀತಿದ್ದಾನೆ. ಕೆಳಗೆ — "ಅಮದಳ್ಳಿಯ ದೇವಿದಾಸ. ಮೊದಲ ಹೆಂಡತಿಗೆ ಹೊಡೆದು ಓಡಿಸಿದವ. ಹೆಣ್ಣು ಕೊಡುವವರು ಎಚ್ಚರ." ಮುಖ ಸಮ ಕಾಣೂದಿಲ್ಲ. ಎತ್ತರ ಅವನಷ್ಟೇ. ಬೆನ್ನೂ ಹಾಗೇ. ಹದಿನೇಳು ಸಲ ನೋಡಿದೆ. ನೋಡಿದಷ್ಟೂ ಅವನೇ ಆಗ್ತಾ ಹೋದ.

ಕಿವಿಯೆಲ್ಲ ಬಿಸಿ. ಆಯಿ ಅನ್ನ ಬಿಟ್ಟು ಎದ್ದಳು.

೨೦ ನವೆಂಬರ್, ಗುರುವಾರ

ಚಿಕ್ಕಿಯ ಮಗ ಸೂರಜ್ ಕೂತು ಫೋನಲ್ಲಿ ಹುಡುಕಿದ. ಆ ವೀಡಿಯೋ ನಾಲ್ಕು ವರ್ಷ ಹಳೇದು, ಬೇರೆ ರಾಜ್ಯದ್ದು. ಹೊಡೆದವನ ಹೆಸರು, ಕೇಸು, ಎಲ್ಲ ಪೇಪರಲ್ಲಿ ಬಂದಿತ್ತಂತೆ. ತೋರಿಸಿದ. ದೇವಿದಾಸ ಅಲ್ಲವೇ ಅಲ್ಲ. ಯಾರೋ ಆಗದವರು ಹೆಸರು ಅಂಟಿಸಿದ್ದು.

ಆಯಿ ಒಪ್ಪಲಿಲ್ಲ. "ಸುಳ್ಳು ಹೇಳಿದ್ದೂ ಫೋನೇ, ಖರೆ ಹೇಳೂದೂ ಫೋನೇ ಅಲ್ದಾ? ದೇವಿ ಹತ್ರ ಹೂವಿನ ಪ್ರಸಾದ ಕೇಳ್ವ."

೨೩ ನವೆಂಬರ್, ಭಾನುವಾರ. ಮಧ್ಯಾಹ್ನ

ಊರ ದೇವಿ ಗುಡಿ. ಪೂಜೆ ಮಾಡೂ ಗುನಗರು ದೇವಿಯ ಎಡಕ್ಕೊಂದು ಬಲಕ್ಕೊಂದು ಒದ್ದೆ ಹೂವು ಹಚ್ಚಿದ್ರು. ಬಲಗಡೆದು ಬಿದ್ರೆ ಹೌದು, ಎಡಗಡೆದು ಬಿದ್ರೆ ಅಲ್ಲ. ಅಪ್ಪ ಕೈ ಮುಗಿದು ಕೇಳಿದ — "ವೀಡಿಯೋಲಿದ್ದವ ನಮ್ಮ ಹುಡುಗ ಅಲ್ಲ ಅಂತಾದ್ರೆ ಬಲಕ್ಕೆ ಕೊಡು ತಾಯಿ."

ಎಷ್ಟು ಹೊತ್ತು ನಿಂತ್ವೋ. ದೀಪದ ಹೊಗೆ, ಎಣ್ಣೆ ವಾಸನೆ. ಹೂವಿನ ತುದೀಲಿ ಒಂದು ಹನಿ ನೀರು ಮೆಲ್ಲಗೆ ದಪ್ಪಗಾಗ್ತಾ ಇತ್ತು. ನೋಡ್ತಾ ನೋಡ್ತಾ ನಾನೇ ಅಲ್ಲಿ ಇಲ್ಲ ಅನ್ನಿಸ್ತು. ಆಗ ನನ್ನೊಳಗೇ ಯಾರೋ ಹೇಳಿದ್ರು — ಎಡಕ್ಕೆ ಬೀಳ್ಲಿ. ಬೆಚ್ಚಿಬಿದ್ದೆ. ಅವ ನಿರಪರಾಧಿ ಅಂತ ಗೊತ್ತಿದ್ದೂ ಹೀಗೆ ಬೇಡಿದ್ನಲ್ಲ, ಪಾಪಿ ನಾನು.

ಹೂವು ಬಲಕ್ಕೆ ಬಿತ್ತು. ಎಲ್ಲರ ಮುಖ ಅರಳಿತು. ಆಯಿ ಅಲ್ಲೇ ಅತ್ತಳು. ದಾರಿಯುದ್ದಕ್ಕೂ ಸೀರೆ, ಊಟ, ಯಾರ್ಯಾರಿಗೆ ಹೇಳೂದು ಅಂತ ಮಾತು. ವೀಡಿಯೋ ಸುಳ್ಳಾ ಅಂತ ಕೇಳಿದ್ವಿ. ದೇವಿ ಹೌದು ಅಂದಳು. ಮದ್ವೆ ಆಗ್ಬಹುದಾ ಅಂತ ಯಾರೂ ಕೇಳ್ಲೇ ಇಲ್ಲ.

೪ ಡಿಸೆಂಬರ್, ಗುರುವಾರ. ಬಸ್ಸಲ್ಲಿ

ಹತ್ತು ದಿನ ಬರೀಲಿಲ್ಲ. ಬರೆದ್ರೆ ಗಟ್ಟಿಯಾಗ್ತದೆ ಅಂತ ಹೆದರಿಕೆ.

ವೀಡಿಯೋ ನೋಡಿದ್ದಕ್ಕೇ ಮನಸ್ಸು ಕೆಟ್ಟಿದೆ, ಸರಿ ಹೋಗ್ತದೆ ಅಂತ ನಂಗೆ ನಾನೇ ಹೇಳ್ಕಂಡಿದ್ದೆ. ಇವತ್ತು ಈ ಪುಸ್ತಕದ ಹಾಳೆ ತಿರುವಿದೆ. ನನ್ನೊಳಗೆ ಆ ಥಂಡಿ ಬಂದು ಕೂತದ್ದು ಹದಿನಾರಕ್ಕೆ. ವೀಡಿಯೋ ಬಂದದ್ದು ಹದಿನೆಂಟಕ್ಕೆ. ವೀಡಿಯೋ ಹೆದರಿಕೆ ಬಿಸಿ ಇತ್ತು, ಗಲಾಟೆ ಮಾಡ್ತಿತ್ತು, ಇನ್ನೊಬ್ಬರಿಗೆ ಕಳಿಸು ಕಳಿಸು ಅಂತಿತ್ತು. ಸೂರಜ್ ತೋರಿಸಿದ ಕೂಡ್ಲೇ ಹೋಯ್ತು. ಈ ಥಂಡಿ ಹಾಗಲ್ಲ. ಸುಮ್ಮನೆ ಕೂತಿದೆ. ವಾದ ಮಾಡೂದಿಲ್ಲ, ಎದ್ದೂ ಹೋಗೂದಿಲ್ಲ.

ಬೆಳಿಗ್ಗೆ ದೋಸೆ ಎರೀತಿದ್ದ ಆಯಿಗೆ ಹೇಳಿಬಿಟ್ಟೆ. ನಂಗೆ ಬೇಡ ಅನ್ನಿಸ್ತದೆ ಆಯಿ.

"ಮರುಳಾ ನಿಂಗೆ? ಈಗ ಬೇಡ ಅಂದ್ರೆ ವೀಡಿಯೋ ಖರೆ ಅಂತ ಆಗ್ತದೆ. ಹೆಣ್ಣಿನ ಕಡೆಯವರೇ ಬಿಟ್ರು ಅಂತ ಊರೆಲ್ಲ ಹೇಳ್ತ್ರು. ಏನೂ ಮಾಡದ ಹುಡುಗನ ಬಾಳು ಹಾಳು ಮಾಡ್ತ್ಯೇನೆ?"

ದೋಸೆ ಸೀದು ಹೋಯ್ತು. ಆಯಿ ಹೇಳಿದ್ದು ಖರೆಯೇ. ನಾನು ಬಾಯಿ ಬಿಟ್ರೆ ಒಂದು ಸುಳ್ಳಿಗೆ ಸಾಕ್ಷಿ ಹೇಳಿದ ಹಾಗೆ. ಸುಮ್ಮನಿದ್ರೆ ನನ್ನ ಜನ್ಮ ಪೂರ್ತಿ... ಹೊರಗೆ ಮಂಜು. ಸಮುದ್ರ ಎಲ್ಲಿ ಮುಗೀತು, ಆಕಾಶ ಎಲ್ಲಿ ಶುರುವಾಯ್ತು, ಗೊತ್ತಾಗೂದಿಲ್ಲ. ಈ ಬಸ್ಸು ಎಲ್ಲೂ ಮುಟ್ಟದೇ ಹೀಗೇ ಹೋಗ್ತಾ ಇರ್ಲಿ.

೭ ಡಿಸೆಂಬರ್, ಭಾನುವಾರ. ಬೆಳಿಗ್ಗೆ ೭.೧೦

ನಿದ್ದೇಲಿ ತೀರ್ಮಾನ ಮೊದಲೇ ಆಗಿಹೋಗಿತ್ತು ಅನ್ನಿಸ್ತದೆ. ಎದ್ದವಳೇ ದೇವಿದಾಸನಿಗೆ ಫೋನು ಮಾಡಿದೆ. ನಿಶ್ಚಿತಾರ್ಥ ಬೇಡ ಅಂದೆ.

ಅವ ಕೇಳಿದ — "ಆ ವೀಡಿಯೋ ದೆಸೆಯಿಂದಲಾ?"

"ಅಲ್ಲ. ಅದು ನೀವಲ್ಲ. ನಂಗೆ ಪೂರಾ ಗೊತ್ತು."

"ಮತ್ತೆಂತಕ್ಕೆ?"

"ನಿಮ್ಮ ಮುಖ ನೋಡಿ ಯಾವುದು ಖರೆ, ಯಾವುದು ಸುಳ್ಳು ಅಂತ ನಂಗೆ ಹೇಳ್ಲಿಕ್ಕಾಗೂದಿಲ್ಲ. ದಿನಾ ಹುಡುಕ್ತಾ ಬದುಕೂ ಶಕ್ತಿ ಇಲ್ಲ ನಂಗೆ."

ಬೈತಾನೆ ಅಂದ್ಕಂಡಿದ್ದೆ. ಬೈಲಿಲ್ಲ. ದನಿ ಮೆತ್ತಗೇ ಇತ್ತು. "ಅಳಬೇಡ ಮಾರಾಯ್ತಿ. ಒಂದು ಕೆಲಸ ಮಾಡ್ವ. ಜಾತಕ ಕೂಡ್ಲಿಲ್ಲ ಅಂತ ಹೇಳ್ವ. ಭಟ್ರಿಗೆ ನಾನು ಹೇಳ್ತೆ. ಊರವರ ಮಾತು ನಿಂಗೂ ಇಲ್ಲ, ನಂಗೂ ಇಲ್ಲ. ಯಾರಿಗೂ ಗೊತ್ತಾಗೂದಿಲ್ಲ."

ಎಷ್ಟು ಸಲೀಸು. ಎಷ್ಟು ಒಳ್ಳೆಯವ ಕೂಡ, ನನ್ನನ್ನೂ ಉಳಿಸ್ತಿದ್ದ. ಆ ಮಾತಿನೊಳಗೆ ಹೋಗಿ ಮಲಗಿಬಿಡುವಾ ಅನ್ನಿಸ್ತು. ಒಂದು ಕ್ಷಣ ಹ್ಞೂಂ ಅನ್ಲಿಕ್ಕೆ ಬಾಯೂ ತೆರೆದೆ.

ಬೇಡ ಅಂದೆ.

ಮನೆಯವರ ಗ್ರೂಪಿಗೆ ಟೈಪ್ ಮಾಡಿಟ್ಟಿದ್ದೇನೆ — "ವೀಡಿಯೋದಲ್ಲಿ ಇರುವುದು ದೇವಿದಾಸ ಅಲ್ಲ. ಸೂರಜ್ ಕೊಟ್ಟ ಪುರಾವೆ ಕೆಳಗಿದೆ. ದಯವಿಟ್ಟು ಎಲ್ಲರಿಗೂ ಕಳಿಸಿ. ಸಂಬಂಧ ಬೇಡ ಅಂದವಳು ನಾನು, ಪೂರ್ಣಿಮಾ. ಕಾರಣ ನನ್ನದು. ಬೈಯುವುದಿದ್ದರೆ ನನ್ನನ್ನು ಬೈಯಿರಿ." ಹೆಸರು ಹಾಕಿದ್ದೇನೆ. ಆ ಸುಳ್ಳು ಬರೆದವ ಹಾಕಿರ್ಲಿಲ್ಲ.

ಇನ್ನೂ ಕಳಿಸಿಲ್ಲ. ಅಪ್ಪನಿಗೆ ಮೊದ್ಲು ಬಾಯಲ್ಲಿ ಹೇಳ್ಬೇಕು, ಫೋನಲ್ಲಿ ಓದೂದು ಬೇಡ. ಗದ್ದೆಯಿಂದ ಬಂದ. ಕಾಲು ತೊಳೀತಿದ್ದಾನೆ. ಎಂತಕ್ಕೆ ಬೇಡ ಅಂತ ಕೇಳ್ತಾನೆ. ತೋರಿಸ್ಲಿಕ್ಕೆ ಏನೂ ಇಲ್ಲ ನನ್ನ ಹತ್ರ, ಆದ್ರೂ ಗೊತ್ತು ಅಂತ ಹೇಳ್ತೆ.

ಚಾ ಕೇಳ್ತಾ ಇದ್ದಾನೆ. ಪುಸ್ತಕ ಮುಚ್ತೆ. ಬಂದೆ ಅಪ್ಪ, ಒಂದು ಮಾತು —